ಬದಿಯಡ್ಕದಲ್ಲಿದ್ದ ಖಾತೆ ಮುಳ್ಳೇರಿಯಾದಲ್ಲಿ ಸಿಗಲಿಲ್ಲ

2022ರ ವಿಷು ಕಳೆದು ನಾಲ್ಕೈದು ದಿನ ಆಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಮೂಡು ದಿಕ್ಕು ಕಪ್ಪಾಯಿತು. ನಮ್ಮ ಕಡೆ ಬೇಸಿಗೆ ಮಳೆ ಬರುವುದೇ ಹಾಗೆ, ಮೊದಲು ಗುಡುಗು, ಆಮೇಲೆ ನೀರು. ಬದಿಯಡ್ಕದ ಅಡಿಕೆ ಅಂಗಡಿಯಲ್ಲಿ ಲೆಕ್ಕ ನೋಡುವ ಅಕ್ಕ ಕಂಪ್ಯೂಟರ್ ಬಂದ್ ಮಾಡಲು ಕುರ್ಚಿಯಿಂದ ಎದ್ದದ್ದಷ್ಟೆ, ಹಿತ್ತಿಲಿನ ತೆಂಗಿನ ಮರಕ್ಕೆ ಸಿಡಿಲು ಬಿತ್ತು. ಯುಪಿಎಸ್, ಮದರ್‌ಬೋರ್ಡ್, ಡಿಸ್ಕ್, ಮೂರೂ ಹೋದವು. ಮರ ಮಾತ್ರ ಈಗಲೂ ಉಂಟು, ಕಾಯಿ ಬಿಡುವುದಿಲ್ಲ.

ಆ ಅಂಗಡಿಯ ಕಂಪ್ಯೂಟರ್ ಕೆಲಸ ನನ್ನದು. ಫೋನ್ ಬಂದು ಓಡಿ ಹೋದಾಗ ಧನಿಗಳು ಕೇಳಿದ್ದು ಒಂದೇ ಮಾತು. "ಬ್ಯಾಕಪ್ ಉಂಟಲ್ಲ?"

ಇತ್ತು. ಪೆನ್‌ಡ್ರೈವಿನಲ್ಲಿ. ಎಂಟು ದಿನ ಹಳೆಯದು.

ಪುಣ್ಯಕ್ಕೆ ತೂಕದ ಚೀಟಿಗಳನ್ನು ಅಕ್ಕ ಸರಿಗೆಯ ಕೊಕ್ಕೆಗೆ ಚುಚ್ಚಿ ಇಡುತ್ತಿದ್ದರು. ಎರಡು ದಿನ ಅವರು ಓದಿದರು, ನಾನು ಟೈಪ್ ಮಾಡಿದೆ. "ಹಳತು ಎರಡು ಕ್ವಿಂಟಾಲು. ಪಟೋರ ನಲ್ವತ್ತು ಕಿಲೋ. ಕರಿಗೋಟು ಹದಿನೆಂಟು." ಎಂಟು ದಿನದ ವ್ಯಾಪಾರ ಕೊಕ್ಕೆಯಿಂದ ಒಂದೊಂದಾಗಿ ಇಳಿದು ಬಂತು. ಮೂರು ಚೀಟಿಯ ಅಕ್ಷರ ಯಾರಿಗೂ ಓದಲು ಆಗಲಿಲ್ಲ, ಆ ಮೂವರಿಗೆ ಫೋನ್ ಮಾಡಿ ಕೇಳಿದೆವು. ಒಬ್ಬರು ತಮ್ಮ ತೂಕವನ್ನು ಐದು ಕಿಲೋ ಜಾಸ್ತಿ ಹೇಳಿದರೋ ಏನೋ ಅಂತ ಅಕ್ಕನಿಗೆ ಇವತ್ತಿಗೂ ಸಂಶಯ.

ಕೊನೆಯ ಚೀಟಿ ಮುಗಿದ ಮೇಲೆ ಧನಿಗಳು ಹೇಳಿದರು, "ಇನ್ನು ಹೀಗೆ ಆಗಬಾರದು ಮಾರಾಯ. ಇನ್ನೊಂದು ಕಂಪ್ಯೂಟರ್ ತೆಗೆದುಕೋ. ಇಲ್ಲಿ ಬರೆದದ್ದು ಅಲ್ಲಿಯೂ ಬರೆದುಕೊಳ್ಳಲಿ."

ಅವರಿಗೆ ರೆಪ್ಲಿಕೇಶನ್ ಎನ್ನುವ ಶಬ್ದ ಗೊತ್ತಿರಲಿಲ್ಲ. ಆದರೆ ಕೇಳಿದ್ದು ಅದನ್ನೇ. ಪೆನ್‌ಡ್ರೈವಿಗೆ ಹಾಕುವ ಡಂಪ್ ಅಂದರೆ ಒಂದು ಫೋಟೋ ತೆಗೆದ ಹಾಗೆ. ತೆಗೆದ ಗಳಿಗೆಯದ್ದು ಮಾತ್ರ ಅದರಲ್ಲಿ ಇರುತ್ತದೆ. ರೆಪ್ಲಿಕೇಶನ್ ಹಾಗಲ್ಲ. ಮುಖ್ಯ ಯಂತ್ರದಲ್ಲಿ ಆದ ಬದಲಾವಣೆ ಆಗಾಗಲೇ ಎರಡನೆಯದಕ್ಕೆ ಹರಿದು ಹೋಗುತ್ತಿರುತ್ತದೆ. ಹಾಗಂತ ಪೆನ್‌ಡ್ರೈವ್ ಬಿಸಾಡಲಿಕ್ಕಿಲ್ಲ. ಅಕ್ಕ ತಪ್ಪಿ ಒಂದು ಖಾತೆ ಅಳಿಸಿದರೆ ಆ ಅಳಿಸುವಿಕೆಯೂ ಅಷ್ಟೇ ನಿಷ್ಠೆಯಿಂದ ಆಚೆ ಹೋಗುತ್ತದೆ.

ಅಂಗಡಿಯ ಲೆಕ್ಕದ ತಂತ್ರಾಂಶದ ಅಡಿಯಲ್ಲಿ ಇದ್ದದ್ದು ಪೋಸ್ಟ್‌ಗ್ರೆಸ್ 14, ಅಂದರೆ ಖಾತೆಗಳನ್ನೆಲ್ಲ ಜೋಡಿಸಿ ಇಟ್ಟುಕೊಳ್ಳುವ ಡೇಟಾಬೇಸ್. ಇದರಲ್ಲಿ ಈ ಹರಿಸುವ ವ್ಯವಸ್ಥೆ 2010ರ 9.0 ಆವೃತ್ತಿಯಿಂದಲೇ ಉಂಟು. ಪೋಸ್ಟ್‌ಗ್ರೆಸ್ ಯಾವ ಬದಲಾವಣೆಯನ್ನೂ ಸೀದಾ ಟೇಬಲ್ಲಿಗೆ ಬರೆಯುವುದಿಲ್ಲ. ಮೊದಲು ವಾಲ್ ಎನ್ನುವ ಕಡತದಲ್ಲಿ ಗೀಚಿಕೊಳ್ಳುತ್ತದೆ. ನಮ್ಮ ಹಳೆಯ ಅಂಗಡಿಗಳಲ್ಲಿ ಮೊದಲು ದಿನವಹಿಗೆ ಬರೆದು ಆಮೇಲೆ ಖಾತೆಗೆ ಏರಿಸುತ್ತಿದ್ದರಲ್ಲ, ಹಾಗೆ. ಒಂದೊಂದು ವಾಲ್ ಕಡತ 16 ಎಂಬಿ. ಈ ದಿನವಹಿಯನ್ನು ಎರಡನೆಯ ಯಂತ್ರಕ್ಕೆ ಕಳುಹಿಸುತ್ತಾ ಇದ್ದರೆ ಅದು ತನ್ನ ಖಾತೆಗಳಿಗೆ ಏರಿಸಿಕೊಳ್ಳುತ್ತಾ ಕೂರುತ್ತದೆ. ರೆಪ್ಲಿಕೇಶನ್ ಅಂದರೆ ಇಷ್ಟೇ.

ಎರಡನೆಯದನ್ನು ಅದೇ ಕೋಣೆಯಲ್ಲಿ ಇಟ್ಟರೆ ಒಂದೇ ಸಿಡಿಲಿಗೆ ಎರಡೂ ಹೋಗುತ್ತವೆ. ಧನಿಗಳಿಗೆ ಮುಳ್ಳೇರಿಯಾದಲ್ಲಿ ಒಂದು ಗೋದಾಮು ಉಂಟು. ಅಲ್ಲಿಯೇ ಇಡುವುದು ಅಂತಾಯಿತು.

ಹೊಸ ಯಂತ್ರಕ್ಕೆ ಆಗಷ್ಟೇ ಬಂದಿದ್ದ ಉಬುಂಟು 22.04 ಹಾಕಿದೆ. ಉಬುಂಟು ಅಂದರೆ ವಿಂಡೋಸ್ ಹಾಗೆ ಯಂತ್ರ ನಡೆಸುವ ಲಿನಕ್ಸ್ ವ್ಯವಸ್ಥೆ. ಅಂಗಡಿಯ ಯಂತ್ರವನ್ನು ರಿಪೇರಿ ಮಾಡಿ ಎಬ್ಬಿಸುವಾಗ ಮಾತ್ರ 18.04 ಹಾಕಬೇಕಾಯಿತು, ತಂತ್ರಾಂಶ ಮಾಡಿಕೊಟ್ಟವರು ಅದರ ಮೇಲೆಯೇ ನಡೆಸಿ ಅಂದಿದ್ದರು. ಎರಡರಲ್ಲೂ ಪೋಸ್ಟ್‌ಗ್ರೆಸ್ 14 ಇದ್ದರೆ ಆಯಿತಲ್ಲ, ಕೆಳಗೆ ಯಾವ ಉಬುಂಟು ಇದ್ದರೇನು ಅಂದುಕೊಂಡೆ. ಈ ಅಂದಾಜು ನನ್ನ ಮೂರು ತಿಂಗಳು ತಿಂದಿತು. ಆ ಕಥೆ ಆಮೇಲೆ ಬರುತ್ತದೆ.

ಗೋದಾಮಿನ ಲೈನಿನ ಮೇಲೆ ಇಡೀ ಡೇಟಾ ಎಳೆಯುವ ಬದಲು ಹೊಸ ಯಂತ್ರವನ್ನು ಮೊದಲು ಅಂಗಡಿಯಲ್ಲೇ ಪಕ್ಕದಲ್ಲಿ ಇಟ್ಟುಕೊಂಡೆ. ಮುಖ್ಯ ಯಂತ್ರದಲ್ಲಿ ಮಾಡಬೇಕಾದದ್ದು ಜಾಸ್ತಿ ಏನಿಲ್ಲ. ವಾಲಿನಲ್ಲಿ ಎಷ್ಟು ವಿವರ ಬರೆಯಬೇಕು ಅಂತ ಹೇಳುವ ವಾಲ್ ಲೆವೆಲ್ ಎನ್ನುವುದು ಆವೃತ್ತಿ 10ರಿಂದ ಈಚೆಗೆ ತಾನಾಗಿಯೇ ರೆಪ್ಲಿಕಾ ಅಂತ ಇರುತ್ತದೆ. ಕಳುಹಿಸುವ ಪ್ರಕ್ರಿಯೆಗಳ ಮಿತಿಯೂ ಹತ್ತು ಇರುತ್ತದೆ, ನನಗೆ ಬೇಕಾದದ್ದು ಒಂದೆರಡು. ಲಿಸನ್ ಅಡ್ರೆಸಸ್ ಮಾತ್ರ ಲೋಕಲ್‌ಹೋಸ್ಟ್ ಅಂತ ಇರುತ್ತದೆ, ಅಂದರೆ ಮನೆಯೊಳಗಿನ ಮಾತು ಮಾತ್ರ ಕೇಳುತ್ತದೆ. ಅದನ್ನು ಬದಲಿಸಿದರೆ ರೀಸ್ಟಾರ್ಟ್ ಮಾಡಲೇಬೇಕು. ಹೊರಗೆ ತಕ್ಕಡಿಯ ಎದುರು ಗೋಣಿಗಳ ಸಾಲು. "ಊಟಕ್ಕೆ ಹೋಗುವಾಗ ಮಾಡಿ" ಅಂದರು ಅಕ್ಕ. ಕಾದೆ.

ಆಮೇಲೆ ರೆಪ್ಲಿಕೇಶನ್ ಹಕ್ಕು ಇರುವ ಒಬ್ಬ ಬಳಕೆದಾರನನ್ನು ಮಾಡಿ, ಪಿಜಿ-ಎಚ್‌ಬಿಎ ಕಡತದಲ್ಲಿ ಅವನಿಗೆ ಒಳಗೆ ಬರಲು ಒಂದು ಸಾಲು ಬರೆದೆ. ಯಾವ ಡೇಟಾಬೇಸ್ ಎನ್ನುವ ಕಡೆ 'ಆಲ್' ಅಂತ ಹಾಕಿದೆ. ಎಲ್ಲ ಅಂದರೆ ಎಲ್ಲ, ಅಲ್ವಾ? ಅಲ್ಲ. ರೆಪ್ಲಿಕೇಶನ್ ಸಂಪರ್ಕಕ್ಕೆ ಪ್ರವೇಶವಿಲ್ಲ ಅಂತ ಎರಡನೆಯ ಯಂತ್ರ ಮತ್ತೆ ಮತ್ತೆ ಹೇಳಿತು. ಪಾಸ್‌ವರ್ಡ್ ತಪ್ಪಿರಬೇಕು ಅಂತ ನಾಲ್ಕು ಸಲ ಬದಲಿಸಿದೆ. ಕೊನೆಗೆ ಕಡತದ ಮೇಲಿನ ಟಿಪ್ಪಣಿ ಓದಿದಾಗ ಅಲ್ಲಿಯೇ ಬರೆದಿತ್ತು: 'ಆಲ್' ಎನ್ನುವುದರಲ್ಲಿ ರೆಪ್ಲಿಕೇಶನ್ ಸೇರುವುದಿಲ್ಲ, ಆ ಹೆಸರನ್ನೇ ಬೇರೆಯಾಗಿ ಬರೆಯಬೇಕು. ಈ ಕಡತಕ್ಕೆ ರೀಲೋಡ್ ಸಾಕು, ಊಟದ ಹೊತ್ತಿಗೆ ಕಾಯಬೇಕಾಗಿಲ್ಲ.

ಮುಂದಿನದು ಎದೆ ಡವಗುಟ್ಟಿಸುವ ಕೆಲಸ. ಸ್ಟ್ಯಾಂಡ್‌ಬೈ, ಅಂದರೆ ನಕಲು ಇಟ್ಟುಕೊಳ್ಳುವ ಎರಡನೆಯ ಯಂತ್ರದ ಡೇಟಾ ಫೋಲ್ಡರನ್ನು ಪೂರ್ತಿ ಖಾಲಿ ಮಾಡಿ, ಪಿಜಿ ಬೇಸ್‌ಬ್ಯಾಕಪ್ ಎನ್ನುವ ಆಜ್ಞೆಯಿಂದ ಮುಖ್ಯ ಯಂತ್ರದ ನಕಲು ತರಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಕಪ್ಪು ಕಿಟಕಿ. ಎರಡರಲ್ಲೂ ಒಂದೇ ಥರದ ಅಕ್ಷರ, ಒಂದೇ ಫೋಲ್ಡರಿನ ಹೆಸರು. ಅಳಿಸುವ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತುವ ಮೊದಲು ಯಾಕೋ ಕೈ ನಿಂತಿತು. ಮೇಲೆ ನೋಡಿದೆ. ಅದು ಅಂಗಡಿಯ ಯಂತ್ರ.

ಎದ್ದು ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು ಬಂದೆ. ಬಂದವನೇ ಮಾಡಿದ ಮೊದಲ ಕೆಲಸ, ಮುಖ್ಯ ಯಂತ್ರದ ಕಿಟಕಿಯಲ್ಲಿ ಹೆಸರು ಕೆಂಪಾಗಿ ಬರುವ ಹಾಗೆ, ಇನ್ನೊಂದರಲ್ಲಿ ಹಸಿರಾಗಿ ಬರುವ ಹಾಗೆ ಮಾಡಿದ್ದು. ಬಣ್ಣವನ್ನು ಆಯಾ ಯಂತ್ರದಲ್ಲೇ ಬರೆದಿಟ್ಟೆ, ಎಲ್ಲಿಂದ ಒಳಗೆ ಹೋದರೂ ಕಾಣಲಿ ಅಂತ.

ನಕಲು ಬಂತು. ಹಿಂದೆಲ್ಲ ರಿಕವರಿ ಕಾನ್ಫ್ ಅಂತ ಬೇರೆ ಕಡತ ಬರೆಯಬೇಕಿತ್ತು. ಆವೃತ್ತಿ 12ರಿಂದ ಅದಿಲ್ಲ. ಬೇಸ್‌ಬ್ಯಾಕಪ್ಪಿಗೆ ದೊಡ್ಡ 'ಆರ್' ಸೇರಿಸಿದರೆ ಸ್ಟ್ಯಾಂಡ್‌ಬೈ ಸಿಗ್ನಲ್ ಎನ್ನುವ ಖಾಲಿ ಕಡತವನ್ನೂ ಮುಖ್ಯ ಯಂತ್ರದ ವಿಳಾಸವನ್ನೂ ಅದೇ ಬರೆದಿಡುತ್ತದೆ. ಸ್ಟಾರ್ಟ್ ಮಾಡಿದೆ. ಎದ್ದೇಳಲಿಲ್ಲ. ಲಾಗ್ ನೋಡಿದರೆ ಮ್ಯಾಕ್ಸ್ ಕನೆಕ್ಷನ್ಸ್, ಅಂದರೆ ಒಟ್ಟಿಗೆ ಎಷ್ಟು ಸಂಪರ್ಕ ಬಿಡಬಹುದು ಎನ್ನುವ ಮಿತಿ, ಕಡಿಮೆ ಉಂಟು ಅಂತ ದೂರು. ಉಬುಂಟುವಿನಲ್ಲಿ ಪೋಸ್ಟ್‌ಗ್ರೆಸ್ಸಿನ ಸೆಟ್ಟಿಂಗ್ ಕಡತಗಳು ಡೇಟಾ ಫೋಲ್ಡರಿನಲ್ಲಿ ಇರುವುದಿಲ್ಲ, ಬೇರೆ ಕಡೆ ಇರುತ್ತವೆ. ಹಾಗಾಗಿ ಬೇಸ್‌ಬ್ಯಾಕಪ್ಪಿನ ಜೊತೆ ಬರಲಿಲ್ಲ. ಅಂಗಡಿಯದ್ದರಲ್ಲಿ 200 ಇತ್ತು, ಹೊಸದರಲ್ಲಿ ಹುಟ್ಟಿನಿಂದ ಇರುವ 100. ಸ್ಟ್ಯಾಂಡ್‌ಬೈಯದ್ದು ಮುಖ್ಯ ಯಂತ್ರದ್ದಕ್ಕಿಂತ ಕಡಿಮೆ ಇರಬಾರದು. ಸರಿ ಮಾಡಿದ ಮೇಲೆ ಎದ್ದಿತು. ಮುಖ್ಯ ಯಂತ್ರದಲ್ಲಿ ಪಿಜಿ ಸ್ಟ್ಯಾಟ್ ರೆಪ್ಲಿಕೇಶನ್ ಎನ್ನುವ ಪಟ್ಟಿ ನೋಡಿದರೆ ಒಂದು ಸಾಲು, ಸ್ಥಿತಿ 'ಸ್ಟ್ರೀಮಿಂಗ್'. ಅಕ್ಕನಿಗೆ ತೋರಿಸಿದೆ. "ಆಯ್ತಾ? ಇಷ್ಟೇಯಾ?" ಅಂದರು.

ಯಂತ್ರವನ್ನು ಜೀಪಿನಲ್ಲಿ ಮುಳ್ಳೇರಿಯಾಕ್ಕೆ ಸಾಗಿಸಿದೆವು. ಅಂಗಡಿಯ ಲೈನಿಗೆ ಬದಲಾಗದ ವಿಳಾಸ, ಅಂದರೆ ಸ್ಥಿರ ಐಪಿ ತೆಗೆದುಕೊಂಡು ಎರಡರ ನಡುವೆ ವಯರ್‌ಗಾರ್ಡ್ ಎನ್ನುವ ಗುಪ್ತ ಸುರಂಗ ಹಾಕಿದೆ. ಡೇಟಾಬೇಸಿನ ಬಾಗಿಲನ್ನು ಸೀದಾ ಇಂಟರ್ನೆಟ್ಟಿಗೆ ತೆರೆದಿಡುವ ಧೈರ್ಯ ನನಗಿಲ್ಲ.

ಧನಿಗಳ ಪ್ರಶ್ನೆ ಇನ್ನೊಂದಿತ್ತು. "ಇಲ್ಲಿ ಒತ್ತಿದ ಕೂಡಲೇ ಅಲ್ಲಿ ಹೋಗ್ತದಾ? ನಡುವಿನಲ್ಲಿ ಸಿಡಿಲು ಬಿದ್ದರೆ?"

ಪ್ರಶ್ನೆ ಸರಿಯಾದದ್ದೇ. ಸಾಮಾನ್ಯವಾಗಿ ಮುಖ್ಯ ಯಂತ್ರ ತನ್ನಲ್ಲಿ ಬರೆದು "ಆಯಿತು" ಅನ್ನುತ್ತದೆ, ಆಮೇಲೆ ಆಚೆ ಕಳುಹಿಸುತ್ತದೆ. ಕೊನೆಯ ಒಂದೆರಡು ಚೀಟಿ ದಾರಿಯಲ್ಲಿ ಹೋಗಬಹುದು. ಅದು ಬೇಡ ಅಂದರೆ ಸಿಂಕ್ರೊನಸ್ ಮಾಡಬೇಕು. ಆಗ ಸ್ಟ್ಯಾಂಡ್‌ಬೈಯಿಂದ "ಬಂತು" ಅಂತ ಉತ್ತರ ಬರುವ ತನಕ ಇಲ್ಲಿ "ಆಯಿತು" ಅನ್ನುವುದಿಲ್ಲ. ಸಿಂಕ್ರೊನಸ್ ಸ್ಟ್ಯಾಂಡ್‌ಬೈ ನೇಮ್ಸ್ ಎನ್ನುವಲ್ಲಿ ಹೆಸರು ಬರೆದು ರೀಲೋಡ್ ಮಾಡಿದೆ. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ಗೋದಾಮಿನಲ್ಲಿ ಕರೆಂಟು ಹೋಯಿತು. ಬದಿಯಡ್ಕದಲ್ಲಿ ಅಕ್ಕ ಸೇವ್ ಒತ್ತಿದರು. ಚಕ್ರ ತಿರುಗುತ್ತಾ ಉಳಿಯಿತು. ತಪ್ಪು ಅಂತಲೂ ಹೇಳುವುದಿಲ್ಲ, ಸರಿ ಅಂತಲೂ ಹೇಳುವುದಿಲ್ಲ, ಸುಮ್ನೆ ಕಾಯುತ್ತದೆ. ಇರುವ ಒಂದೇ ಸ್ಟ್ಯಾಂಡ್‌ಬೈ ಬಿದ್ದರೆ ಅದು ಹಾಗೆಯೇ ಮಾಡಬೇಕು, ನಾನು ಕೇಳಿದ್ದೇ ಅದನ್ನು. ಆದರೆ ಗೋಣಿ ಹೊತ್ತು ನಿಂತ ಕೃಷಿಕರಿಗೆ ಇದನ್ನು ಹೇಗೆ ವಿವರಿಸುವುದು? ಫೋನಿನಲ್ಲಿ ಧನಿಗಳ ಸ್ವರ ಕೇಳಿದ ಕೂಡಲೇ ಆ ಹೆಸರು ಅಳಿಸಿ ರೀಲೋಡ್ ಮಾಡಿದೆ. ಒಂದೇ ಸ್ಟ್ಯಾಂಡ್‌ಬೈ ಇರುವಲ್ಲಿ ಸಿಂಕ್ರೊನಸ್ ಬೇಡ ಎನ್ನುವುದು ನನ್ನ ಮಟ್ಟಿಗೆ ಆ ದಿನವೇ ತೀರ್ಮಾನ ಆಯಿತು. ಒಂದೆರಡು ಚೀಟಿ ಹೋದರೆ ಕೊಕ್ಕೆ ಉಂಟಲ್ಲ.

ಎಷ್ಟು ಹಿಂದೆ ಬಿದ್ದಿದೆ ಅಂತ ನೋಡಲು ಒಂದು ಸಣ್ಣ ಪುಟ ಮಾಡಿ ಧನಿಗಳ ಫೋನಿಗೂ ಕೊಟ್ಟಿದ್ದೆ. ಸ್ಟ್ಯಾಂಡ್‌ಬೈಯಲ್ಲಿ ಕೊನೆಗೆ ಏರಿಸಿದ ವ್ಯವಹಾರದ ಸಮಯವನ್ನು ಈಗಿನ ಸಮಯದಿಂದ ಕಳೆದು ತೋರಿಸುತ್ತಿತ್ತು. ಒಂದು ಮಧ್ಯಾಹ್ನ ಫೋನ್ ಬಂತು. "ನಲ್ವತ್ತು ನಿಮಿಷ ಹಿಂದೆ ಉಂಟು ಅಂತ ತೋರಿಸ್ತದೆ! ಎಂತ ಆಯ್ತು?" ಎಂತ ಆಗಲಿಲ್ಲ. ಎಲ್ಲರೂ ಊಟಕ್ಕೆ ಹೋಗಿದ್ದರು. ವ್ಯಾಪಾರವೇ ಇಲ್ಲದಿದ್ದರೆ ಕೊನೆಯ ವ್ಯವಹಾರ ಹಳತಾಗುತ್ತಲೇ ಹೋಗುತ್ತದೆ, ಹಿಂದೆ ಬಿದ್ದದ್ದಲ್ಲ. ಎರಡು ಕಡೆಯ ವಾಲ್ ಎಷ್ಟು ಮುಂದೆ ಬಂದಿದೆ ಎನ್ನುವುದನ್ನು ಹೋಲಿಸಿ ತೋರಿಸುವ ಹಾಗೆ ಬದಲಿಸಿದೆ.

ಆಟಿ ತಿಂಗಳ ಮಳೆಗೆ ದಾರಿಯಲ್ಲಿ ಮರ ಬಿದ್ದು ಗೋದಾಮಿನ ಲೈನ್ ತುಂಡಾಯಿತು. ಆರು ದಿನ. ನಾನು ಸ್ಟ್ಯಾಂಡ್‌ಬೈಗೆ ಒಂದು ಸ್ಲಾಟ್ ಮಾಡಿ ಕೊಟ್ಟಿದ್ದೆ. ಸ್ಲಾಟ್ ಇದ್ದರೆ ಸ್ಟ್ಯಾಂಡ್‌ಬೈ ತೆಗೆದುಕೊಳ್ಳದ ವಾಲ್ ಕಡತಗಳನ್ನು ಮುಖ್ಯ ಯಂತ್ರ ಬಿಸಾಡುವುದಿಲ್ಲ, ಕಾದು ಇಟ್ಟಿರುತ್ತದೆ. ಒಳ್ಳೆಯದೇ. ಆದರೆ ಎಷ್ಟು ದಿನ ಕಾಯಬೇಕು ಅಂತ ಹೇಳದಿದ್ದರೆ ಡಿಸ್ಕ್ ತುಂಬುವ ತನಕ ಕಾಯುತ್ತದೆ. ಡಿಸ್ಕ್ ತುಂಬಿದರೆ ಅಂಗಡಿಯ ಯಂತ್ರವೇ ನಿಲ್ಲುತ್ತದೆ. ನಮ್ಮ ತಂತ್ರಾಂಶ ಗಂಟೆಗೊಮ್ಮೆ ಮೊತ್ತದ ಪಟ್ಟಿಯನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆಯುವ ಜಾತಿಯದ್ದು, ಹಾಗಾಗಿ ದಿನಕ್ಕೆ ಎರಡು ಜಿಬಿಯಷ್ಟು ವಾಲ್. ನಾನು ನೋಡಿದಾಗ ಹನ್ನೆರಡು ಜಿಬಿ ಸೇರಿತ್ತು, ಖಾಲಿ ಉಳಿದದ್ದು ಹದಿನೆಂಟು. ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್ ಅಂತ ಒಂದು ಸೆಟ್ಟಿಂಗ್ ಆವೃತ್ತಿ 13ರಲ್ಲಿ ಬಂದಿದೆ. ಅದು ಮೈನಸ್ ಒಂದು ಅಂತ ಇರುತ್ತದೆ, ಅಂದರೆ ಮಿತಿಯೇ ಇಲ್ಲ. 20 ಜಿಬಿ ಅಂತ ಮಾಡಿದೆ. ಅದು ದಾಟಿದರೆ ಸ್ಟ್ಯಾಂಡ್‌ಬೈಯನ್ನು ಪುನಃ ಮೊದಲಿಂದ ನಕಲು ಮಾಡಬೇಕು, ಮಾಡುವ. ಅಂಗಡಿ ನಿಲ್ಲುವುದಕ್ಕಿಂತ ಅದು ಪರವಾಗಿಲ್ಲ.

ಇಷ್ಟೆಲ್ಲ ಆಗಿ ಆಗಸ್ಟ್ ಬಂತು. ಸ್ಟ್ಯಾಂಡ್‌ಬೈಯಿಂದ ಓದಬಹುದು, ಬರೆಯಲು ಆಗುವುದಿಲ್ಲ. ಸುಮ್ನೆ ಕೂತ ಯಂತ್ರ, ಗೋದಾಮಿನವರು ಖಾತೆ ನೋಡಲು ಬಳಸಲಿ ಅಂತ ಅದಕ್ಕೆ ತಂತ್ರಾಂಶ ಜೋಡಿಸಿ ಕೊಟ್ಟೆ. ಅಕ್ಕ ಆ ದಿನ ಅಲ್ಲಿಗೆ ಬಂದಿದ್ದರು. ನಮ್ಮಲ್ಲಿ ಒಂದೇ ಹೆಸರಿನವರು ಹತ್ತಾರು ಮಂದಿ ಇರುವುದರಿಂದ ಖಾತೆಗೆ ಹೆಸರಿನ ಬದಲು ಹಳೆಯ ಪುಸ್ತಕದ ಗುರುತು. 11-2 ಅಂದರೆ ಹನ್ನೊಂದನೆಯ ಪುಸ್ತಕ, ಎರಡನೆಯ ಪುಟ. ಅಕ್ಕ 11-2 ಟೈಪ್ ಮಾಡಿದರು.

ಖಾತೆ ಇಲ್ಲ.

"ಇದೆಂತ? ಬೆಳಗ್ಗೆ ನಾನೇ ದುಡ್ಡು ಕೊಟ್ಟು ಬಂದದ್ದು." 45-6 ಹಾಕಿದರೆ ಬಂತು. 11-3 ಹಾಕಿದರೆ ಇಲ್ಲ. ನನ್ನ ಬೆನ್ನಲ್ಲಿ ಬೆವರು. ಎರಡೂ ಕಡೆ ಒಟ್ಟು ಸಾಲು ಎಣಿಸಿದೆ, ಒಂದೇ ಸಂಖ್ಯೆ. ಇಂಡೆಕ್ಸ್ ಬಳಸಬೇಡ, ಮೊದಲ ಸಾಲಿನಿಂದ ಕೊನೆಯ ತನಕ ಹುಡುಕು ಅಂತ ಒತ್ತಾಯ ಮಾಡಿದರೆ 11-2 ಸಿಕ್ಕಿತು. ಅಂದರೆ ಖಾತೆ ಉಂಟು, ಹುಡುಕುವ ದಾರಿ ತಪ್ಪಿದೆ.

ಆ ರಾತ್ರಿ ಎರಡೂ ಯಂತ್ರದಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದೆ. '1-1' ಮತ್ತು '11' ಎನ್ನುವ ಎರಡು ಸಾಲು ಕೊಟ್ಟು ಕ್ರಮವಾಗಿ ಜೋಡಿಸು ಅಂದೆ. 18.04 ಮೊದಲು 11 ಬರೆಯಿತು, ಆಮೇಲೆ 1-1. 22.04 ಮೊದಲು 1-1 ಬರೆಯಿತು, ಆಮೇಲೆ 11.

ನಮ್ಮ ಶಾಲೆಯ ಗೋಡೆಯ ಅಕ್ಷರಮಾಲೆಯಲ್ಲಿ ಕ್ಷ, ಜ್ಞ ಎರಡೂ ಕೊನೆಯಲ್ಲಿ, ಳ ಆದ ಮೇಲೆ. ನಿಘಂಟು ತೆಗೆದರೆ ಕ್ಷಮೆ ಇರುವುದು ಕ ಅಕ್ಷರದ ಒಳಗೆ. ಗೋಡೆಯ ಕ್ರಮ ಕಲಿತ ಮಗು ನಿಘಂಟಿನ ಕೊನೆಯಲ್ಲಿ ಹುಡುಕಿ, ಶಬ್ದವೇ ಇಲ್ಲ ಅನ್ನುತ್ತದೆ. ಇಲ್ಲಿ ಆದದ್ದೂ ಅದೇ. ಇಂಡೆಕ್ಸ್ ಅಂದರೆ ಕ್ರಮವಾಗಿ ಜೋಡಿಸಿದ ಪಟ್ಟಿ. ಆ ಕ್ರಮ ಯಾವುದು ಅಂತ ಪೋಸ್ಟ್‌ಗ್ರೆಸ್ ಕೇಳುವುದು ಕೆಳಗಿನ ಲಿನಕ್ಸಿನ ಜಿಲಿಬ್‌ಸಿ ಎನ್ನುವ ಗ್ರಂಥಾಲಯವನ್ನು. ಅದರ 2.28ನೇ ಆವೃತ್ತಿ 2018ರಲ್ಲಿ ಬಂತು, ಅದರಲ್ಲಿ ಜೋಡಣೆಯ ನಿಯಮಗಳು ಬದಲಾದವು. ಮೊದಲು ಅಡ್ಡಗೆರೆಯನ್ನು ಹೆಚ್ಚುಕಡಿಮೆ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ, ಈಗ ಹಿಡಿಯುತ್ತದೆ. 18.04ರಲ್ಲಿ ಇರುವುದು 2.27. 22.04ರಲ್ಲಿ 2.35. ರೆಪ್ಲಿಕೇಶನ್ ಇಂಡೆಕ್ಸನ್ನೂ ಅಕ್ಷರಶಃ ನಕಲು ಮಾಡುತ್ತದೆ. ಹಳೆಯ ಕ್ರಮದಲ್ಲಿ ಜೋಡಿಸಿದ ಪಟ್ಟಿ, ಹೊಸ ಕ್ರಮದಲ್ಲಿ ಹುಡುಕುವ ಯಂತ್ರ. ಕೆಲವು ಸಿಗುತ್ತವೆ, ಕೆಲವು ಇಲ್ಲ. ಡೇಟಾಬೇಸಿನ ಮೂಲ ಕ್ರಮ ಹೀಗೆ ಬೇರೆಯಾದರೆ ಎಚ್ಚರಿಸುವ ವ್ಯವಸ್ಥೆ ಬಂದದ್ದು ಪೋಸ್ಟ್‌ಗ್ರೆಸ್ 15ರಲ್ಲಿ. ನಮ್ಮದು 14. ಮೂರು ತಿಂಗಳು ಸ್ಥಿತಿ 'ಸ್ಟ್ರೀಮಿಂಗ್', ಹಿಂದೆ ಬಿದ್ದದ್ದು ಸೊನ್ನೆ, ನಾನು ಸಮಾಧಾನದಲ್ಲಿದ್ದೆ.

ನಿದ್ದೆ ಹಾರಿಸಿದ್ದು ಬೇರೆ ಯೋಚನೆ. ಮಧ್ಯದಲ್ಲಿ ಎಲ್ಲಿಯಾದರೂ ಇನ್ನೊಂದು ಸಿಡಿಲು ಬಿದ್ದು ಈ ಯಂತ್ರವನ್ನೇ ಮುಖ್ಯ ಮಾಡಿದ್ದರೆ? 11-2 ಇಲ್ಲ ಅಂತ ಅಕ್ಕ ಹೊಸದಾಗಿ 11-2 ಖಾತೆ ತೆರೆಯುತ್ತಿದ್ದರು. ಒಂದೇ ನಂಬ್ರ ಎರಡು ಸಲ ಬರದ ಹಾಗೆ ನೋಡುವುದೂ ಅದೇ ಇಂಡೆಕ್ಸ್. ಅದು ಬಿಡುತ್ತಿತ್ತು. ಒಬ್ಬರ ಬಾಕಿ ಎರಡು ಖಾತೆಯಲ್ಲಿ.

ಸ್ಟ್ಯಾಂಡ್‌ಬೈಯಲ್ಲಿ ಇಂಡೆಕ್ಸ್ ಹೊಸದಾಗಿ ಕಟ್ಟಲು ಆಗುವುದಿಲ್ಲ, ಓದಲು ಮಾತ್ರ ಇರುವ ಯಂತ್ರ ಅದು. ಅದಕ್ಕೂ 18.04 ಹಾಕಿ ಸಮ ಮಾಡಬಹುದಿತ್ತು. ಆದರೆ ಮುಂದಿನ ವರ್ಷಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯುವುದಿತ್ತು. ಹಿಂದಕ್ಕೆ ಹೋಗುವ ಬದಲು ಅದಲು ಬದಲು ಮಾಡುವ ಅಂತ ಧನಿಗಳಿಗೆ ಹೇಳಿದೆ. ತಂತ್ರಾಂಶದವರಿಗೂ ಫೋನ್ ಮಾಡಿದೆ, 22.04 ಆಗಬಹುದು ಅಂದರು. ಏಪ್ರಿಲಿನಲ್ಲಿ ಯಾಕೆ ಕೇಳಲಿಲ್ಲ ಅಂತ ನನ್ನನ್ನು ನಾನೇ ಬೈದುಕೊಂಡೆ.

ಓಣಂ ರಜೆಗೆ ಅಂಗಡಿ ಮುಚ್ಚಿದ ದಿನ ಬೆಳಗ್ಗೆ ಮುಳ್ಳೇರಿಯಾದ ಯಂತ್ರವನ್ನು ಗೋಣಿ ಸುತ್ತಿ ಪುನಃ ಜೀಪಿಗೆ ಏರಿಸಿದೆವು. ಜಿರಿಜಿರಿ ಮಳೆ. ಅಂಗಡಿಯಲ್ಲಿ ಜೋಡಿಸಿ, ಬಾಕಿ ವಾಲ್ ಎಲ್ಲ ತೆಗೆದುಕೊಳ್ಳುವ ತನಕ ಕಾದೆ. ಮುಖ್ಯ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿದೆ. ಹಾಗೆ ನಿಲ್ಲಿಸಿದರೆ ಕೊನೆಯ ಹನಿಯನ್ನೂ ಸ್ಟ್ಯಾಂಡ್‌ಬೈಗೆ ಕೊಟ್ಟೇ ಅದು ಮಲಗುತ್ತದೆ. ಎರಡೂ ಕಡೆಯ ಕೊನೆಯ ಗುರುತು ಒಂದೇ ಅಂತ ಮೂರು ಸಲ ನೋಡಿ, ಹೊಸದರಲ್ಲಿ ಪಿಜಿ ಪ್ರಮೋಟ್ ಕೊಟ್ಟೆ. ಒಂದು ಕ್ಷಣ. ಬರೆಯಲು ಬರುವ ಯಂತ್ರ ಆಯಿತು. ಯಾರೂ ಅದನ್ನು ಮುಟ್ಟುವ ಮೊದಲು ಇಡೀ ಡೇಟಾಬೇಸಿಗೆ ರೀಇಂಡೆಕ್ಸ್. ನಾಲ್ಕು ನಿಮಿಷ ಹಿಡಿಯಿತು.

ಅಕ್ಕ ರಜೆಯಾದರೂ ಬಂದಿದ್ದರು, ಮನೆಯಿಂದ ಅಡಪ್ರಥಮನ್ ತಂದಿದ್ದರು. ಕುರ್ಚಿ ಎಳೆದು ಕೂತು 11-2 ಒತ್ತಿದರು. ಬಂತು. 11-3. ಬಂತು. ಆಮೇಲೆ ಹೇಳದೆ ಕೇಳದೆ ಪುಸ್ತಕ ಹನ್ನೊಂದರ ಅಷ್ಟೂ ಪುಟ ಒಂದೊಂದಾಗಿ ಒತ್ತಿ ನೋಡಿದರು. ನಾನು ಪಾಯಸ ಕುಡಿದೆ.

ಹಳೆಯ ಯಂತ್ರಕ್ಕೆ 22.04 ಹಾಕಿ, ಡೇಟಾ ಫೋಲ್ಡರ್ ಖಾಲಿ ಮಾಡಿ, ಈ ಸಲ ಮ್ಯಾಕ್ಸ್ ಕನೆಕ್ಷನ್ಸ್ ಮೊದಲೇ ಸರಿ ಮಾಡಿ, ಬೇಸ್‌ಬ್ಯಾಕಪ್ ತೆಗೆದು ಸ್ಟ್ಯಾಂಡ್‌ಬೈ ಮಾಡಿದೆ. ಮುಳ್ಳೇರಿಯಾಕ್ಕೆ ಮುಟ್ಟಿಸುವಾಗ ಕತ್ತಲಾಗಿತ್ತು. '1-1' ಮತ್ತು '11' ಎರಡೂ ಕಡೆ ಕೊಟ್ಟು ನೋಡಿದೆ, ಒಂದೇ ಉತ್ತರ.

ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಎರಡು ಕಿಟಕಿ ತೆರೆದರೆ ಅಂಗಡಿಯ ಮುಖ್ಯ ಯಂತ್ರದ ಹೆಸರು ಹಸಿರಾಗಿ ಹೊಳೆಯುತ್ತಿತ್ತು. ಎದ್ದು ಕೂತು ಅದನ್ನು ಕೆಂಪು ಮಾಡಿದ ಮೇಲೆಯೇ ಮಲಗಿದ್ದು.